ಬಿಕ್ಕಲಂ

ಹಳೆಯ ಕ್ರಯಪತ್ರಗಳ ಕೊನೆಯಲ್ಲಿ, ಸಾಕ್ಷಿಗಳ ರುಜುಗಳೂ ಹೆಬ್ಬೆಟ್ಟಿನ ಗುರುತುಗಳೂ ಇರುವ ಕಡೆ, ‘ಬಿಕ್ಕಲಂ’ ಎಂಬ ಒಂದು ಮಾತು ಕಾಣುವುದುಂಟು. ಅದರ ಮುಂದೆ ಒಂದು ಹೆಸರು. ಬಹುಮಟ್ಟಿಗೆ ಅದು ಆ ಊರಿನ ಶಾನುಭೋಗರದು. ಪಾರಸಿಯಿಂದ ಬಂದ ಈ ಮಾತಿಗೆ ‘ಇಂಥವರ ಲೇಖನಿಯಿಂದ’ ಎಂದಷ್ಟೇ ಅರ್ಥ. ಕೊಟ್ಟವನು ಯಾರು, ಕೊಂಡವನು ಯಾರು, ಕಣ್ಣಾರೆ ಕಂಡವರು ಯಾರು ಎಂಬುದರ ಜೊತೆಗೆ, ಬರೆದ ಕೈ ಯಾವುದು ಎಂಬುದೂ ಪತ್ರದಲ್ಲಿ ನಿಲ್ಲಬೇಕೆಂದು ಹಿಂದಿನವರು ಬಯಸಿದರು. ಆ ಬಯಕೆ ವೃಥಾ ಆಡಂಬರವಲ್ಲ. ಮುಖಕ್ಕೆ ಹೇಗೆ ಒಂದು ಚಹರೆಯುಂಟೋ ಹಾಗೆಯೇ ಕೈಬರಹಕ್ಕೂ ಒಂದು ಚಹರೆಯುಂಟು. ಅದನ್ನು ನೋಡಿದ ಮಾತ್ರಕ್ಕೆ ಗುರುತಿಸಬಲ್ಲವರು ಊರಿನಲ್ಲಿ ನಾಲ್ಕು ಜನರಾದರೂ ಇರುತ್ತಾರೆ ಎಂಬ ಭರವಸೆ ಅದರ ಹಿಂದೆ ಇತ್ತು.

ಆ ಭರವಸೆ ಇಂದು ಉಳಿದಿಲ್ಲ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ, ಈ ನಾಲ್ಕು ತಾಲ್ಲೂಕುಗಳ ಹಳ್ಳಿಮನೆಗಳ ಟ್ರಂಕುಗಳಲ್ಲಿಯೂ ಅಟ್ಟದ ಮೇಲಿನ ಬಟ್ಟೆಗಂಟುಗಳಲ್ಲಿಯೂ ಇಂತಹ ಪತ್ರಗಳು ಈಗಲೂ ಇವೆ. ಅಜ್ಜನ ಕಾಲದ ಕ್ರಯಪತ್ರ, ಮುತ್ತಜ್ಜನ ಕಾಲದ ಪಾಲುಪಟ್ಟಿ, ಭೋಗ್ಯದ ಕರಾರು, ಕಂದಾಯ ಕಟ್ಟಿದ ರಸೀದಿ. ಕಾಗದ ಹಣ್ಣಾಗಿದೆ, ಮಡಿಕೆಗಳು ಬಿರಿದಿವೆ, ಮಸಿ ಮಾತ್ರ ಮಾಸಿಲ್ಲ. ಆದರೆ ಮನೆಯಲ್ಲಿ ಅದನ್ನು ಓದಬಲ್ಲವರಿಲ್ಲ. ಬಿ.ಎ. ಓದಿದ ಮಗನೂ, ಎಂಜಿನಿಯರಾದ ಮೊಮ್ಮಗಳೂ ಆ ಹಾಳೆಯನ್ನು ತಿರುಗಿಸಿ ತಿರುಗಿಸಿ ನೋಡಿ, “ಇದು ಕನ್ನಡವೇ?” ಎಂದು ಕೇಳುತ್ತಾರೆ. ಅದು ಕನ್ನಡವೇ. ಅವರ ಪೂರ್ವಿಕರು ಆಡಿದ ಕನ್ನಡ, ಅವರ ಪೂರ್ವಿಕರ ಹೊಲದ ಕನ್ನಡ. ಮೂರು ತಲೆಮಾರುಗಳೊಳಗೆ ಒಂದು ಕುಟುಂಬ ತನ್ನ ಕಾಗದಪತ್ರಗಳ ಎದುರಿಗೇ ನಿರಕ್ಷರಿಯಾಗಿ ನಿಂತಿದೆ.

ಈ ಬರಹಕ್ಕೆ ಜನ ‘ಮೋಡಿ’ ಎಂದು ಹೆಸರಿಟ್ಟಿದ್ದರು. ಮೂಲತಃ ಮೋಡಿ ಎಂಬುದು ಮರಾಠಿ ಭಾಷೆಯನ್ನು ವೇಗವಾಗಿ ಬರೆಯುವ ಲಿಪಿಯ ಹೆಸರು. ೧೬೩೮ರಲ್ಲಿ ಬಿಜಾಪುರದ ಸೈನ್ಯ ಬೆಂಗಳೂರನ್ನು ಗೆದ್ದ ಮೇಲೆ ಬೆಂಗಳೂರು, ಹೊಸಕೋಟೆ, ದೊಡ್ಡಬಳ್ಳಾಪುರ, ಕೋಲಾರ, ಶಿರಾ ಸೀಮೆಗಳು ಷಹಜಿಯ ಜಹಗೀರಿಗೆ ಸೇರಿದುವಷ್ಟೆ. ಆ ಕಾಲದ ದಫ್ತರದ ರೀತಿನೀತಿಗಳು ಈ ನಾಡಿನ ಲೆಕ್ಕಪತ್ರಗಳಲ್ಲಿ ಬಹುಕಾಲ ಉಳಿದುವು. ಮರಾಠಿಯ ಮೋಡಿ ಹೋದ ಮೇಲೂ, ಕೈಯೆತ್ತದೆ ಓಡಿಸಿ ಬರೆದ ಕನ್ನಡಕ್ಕೂ ಜನರ ಬಾಯಲ್ಲಿ ಅದೇ ಹೆಸರು ನಿಂತಿತು. ಕನ್ನಡದಲ್ಲಿ ಮೋಡಿಯೆಂದರೆ ಮಾಟ, ಮಂತ್ರ, ಮರುಳುಮಾಡುವ ವಿದ್ಯೆ ಎಂಬ ಅರ್ಥವೂ ಇರುವುದರಿಂದ ಹೆಸರು ಇನ್ನಷ್ಟು ಒಪ್ಪಿತೆಂದು ತೋರುತ್ತದೆ.

ಕನ್ನಡದ ಅಕ್ಷರ ಸ್ವಭಾವತಃ ಬಿಡಿಯಾದದ್ದು. ಮೊದಲು ದುಂಡು, ಆಮೇಲೆ ತಲೆಕಟ್ಟು. ಗುಡಿಸು, ಏತ್ವ, ಕೊಂಬು, ಒತ್ತು ಎಂದು ಲೇಖನಿಯನ್ನು ಪದೇ ಪದೇ ಎತ್ತಿ ಇಡಬೇಕಾಗುತ್ತದೆ. ಅಚ್ಚಿನ ಪುಸ್ತಕಕ್ಕೆ ಇದು ಚೆಂದ. ಜಮಾಬಂದಿಗೆ ಮುಂಚೆ ಒಂದು ಗ್ರಾಮದ ಲೆಕ್ಕವನ್ನೆಲ್ಲ ಬರೆದು ಮುಗಿಸಬೇಕಾದ ಶಾನುಭೋಗರಿಗೆ ಅಷ್ಟು ವ್ಯವಧಾನವೆಲ್ಲಿ? ಆದ್ದರಿಂದ ಅವರ ಕೈ ತನ್ನದೇ ದಾರಿಯನ್ನು ಕಂಡುಕೊಂಡಿತು. ಒಂದು ಅಕ್ಷರದ ತಲೆಕಟ್ಟು ಕೆಳಗಿಳಿದು ಮುಂದಿನ ಅಕ್ಷರದ ಹೊಟ್ಟೆಯಾಯಿತು. ಪದಕ್ಕೂ ಪದಕ್ಕೂ ನಡುವೆ ತೆರಪು ಇಲ್ಲವಾಯಿತು. ಹ್ರಸ್ವ ದೀರ್ಘಗಳ ವಿಚಾರವನ್ನು ಓದುವವನ ವಿವೇಕಕ್ಕೆ ಬಿಟ್ಟದ್ದಾಯಿತು. ತಾಲ್ಲೂಕು ಎಂಬುದು ‘ತಾ॥’ ಆಯಿತು. ಇಂಥವರ ಮಗ ಎಂಬುದಕ್ಕೆ ‘ಬಿನ್’ ಎಂದೂ, ಇಂಥವರ ಹೆಂಡತಿ ಎಂಬುದಕ್ಕೆ ‘ಕೋಂ’ ಎಂದೂ ಬರೆದರೆ ಸಾಕಾಯಿತು. ಕಾಲು, ಅರೆ, ಮುಕ್ಕಾಲುಗಳಿಗೂ ವೀಸಕ್ಕೂ ಬೇರೆ ಬೇರೆ ಗೆರೆಗಳಿದ್ದುವು. ಅಭ್ಯಾಸವುಳ್ಳವರು ಇದನ್ನು ನೀರು ಕುಡಿದಷ್ಟು ಸುಲಭವಾಗಿ ಓದುತ್ತಿದ್ದರು. ಇಲ್ಲದವರಿಗೆ ಅದು ಕೋಳಿಕಾಲಿನ ಬರಹ.

ಈ ಕೈ ಹುಟ್ಟಿದ್ದು ಕಾಗದದ ಮೇಲಲ್ಲ. ಕಾಗದ ದುರ್ಲಭವಾಗಿದ್ದ ಕಾಲದಲ್ಲಿ ಈ ಸೀಮೆಯ ಲೆಕ್ಕಗಳು ಕಡತಗಳಲ್ಲಿ ಇರುತ್ತಿದ್ದುವು. ಇಂದು ಕಡತವೆಂದರೆ ಕಚೇರಿಯ ಫೈಲು. ಅಂದು ಅದು ಬಟ್ಟೆಯ ಪುಸ್ತಕ. ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್ ೧೮೧೦ರಲ್ಲಿ ಪ್ರಕಟಿಸಿದ ತನ್ನ ಇತಿಹಾಸಗ್ರಂಥದಲ್ಲಿ ಇದನ್ನು ವರ್ಣಿಸಿದ್ದಾನೆ. ಎಂಟು ಅಂಗುಲದಿಂದ ಒಂದು ಅಡಿಯವರೆಗೆ ಅಗಲ, ಹನ್ನೆರಡರಿಂದ ಹದಿನೆಂಟು ಅಡಿಯವರೆಗೆ ಉದ್ದವಾದ ಹತ್ತಿಬಟ್ಟೆಗೆ ಅಂಟನ್ನೂ ಇದ್ದಿಲಪುಡಿಯನ್ನೂ ಕಲಸಿ ಎರಡು ಮಗ್ಗುಲಿಗೂ ಬಳಿದು ಒಣಗಿಸುತ್ತಿದ್ದರು. ಆಮೇಲೆ ಕತ್ತರಿಸದೆ ಸಮವಾಗಿ ಮಡಿಸಿ, ಮೇಲೂ ಕೆಳಗೂ ಮರದ ಹಲಗೆಯನ್ನು ಕೂಡಿಸುತ್ತಿದ್ದರು. ಕಪ್ಪು ಹಾಳೆಯ ಮೇಲೆ ಬಳಪದ ಬಿಳಿಯ ಬರಹ. ಬೇಡವಾದರೆ ಒರಸಬಹುದು, ಜೋಪಾನ ಮಾಡಿದರೆ ಶತಮಾನಗಳ ಕಾಲ ಬಾಳುತ್ತದೆ. ಶೃಂಗೇರಿ ಮಠದಲ್ಲಿ ಇಂತಹ ಕಡತಗಳು ಈಗಲೂ ಹೇರಳವಾಗಿವೆ. ಬಳಪ ಹಾಳೆಯ ಮೇಲೆ ಜಾರುವ ವಸ್ತು. ಜಾರುವ ವಸ್ತುವನ್ನು ಹಿಡಿದ ಕೈ ಅಕ್ಷರಕ್ಕೆ ಅಕ್ಷರವನ್ನು ಕೂಡಿಸಿಕೊಂಡು ಓಡಿದುದರಲ್ಲಿ ಸೋಜಿಗವೇನೂ ಇಲ್ಲ.

ಕಾಗದ ಬಂದ ಮೇಲೆ ಲೆಕ್ಕಣಿಕೆ ಬಂದಿತು. ಲಾಳದಕಡ್ಡಿಯನ್ನು ಓರೆಯಾಗಿ ಕೊಯ್ದು, ಮೂತಿಯನ್ನು ಸೀಳಿ, ಅದನ್ನು ಮಸಿಯಲ್ಲಿ ಅದ್ದಿ ಬರೆಯುತ್ತಿದ್ದರು. ಮಸಿಯನ್ನು ಮನೆಯಲ್ಲಿಯೇ ಕಾಯಿಸುತ್ತಿದ್ದರು. ದೀಪದ ಕಾಡಿಗೆಯನ್ನು ಗೋಂದಿನಲ್ಲಿ ಅರೆದದ್ದು ಒಂದು ಬಗೆ. ಅಳಲೆಕಾಯಿಯ ಕಷಾಯಕ್ಕೆ ಅನ್ನಭೇದಿಯನ್ನು ಹಾಕಿದ್ದು ಇನ್ನೊಂದು ಬಗೆ. ಈ ಎರಡನೆಯದು ಬರೆಯುವಾಗ ತೆಳುವಾಗಿದ್ದು, ಗಾಳಿ ತಾಗಿದಂತೆ ಕಪ್ಪಾಗಿ ಕಾಗದದ ನಾರಿನೊಳಕ್ಕೇ ಇಳಿದುಬಿಡುತ್ತದೆ. ಕಾಗದ ಪುಡಿಯಾದರೂ ಅಕ್ಷರ ಅಳಿಸದಿರುವುದರ ಗುಟ್ಟು ಇದೇ. ಕಡ್ಡಿಯ ಸ್ಥಾನಕ್ಕೆ ಮುಂದೆ ಉಕ್ಕಿನ ನಿಬ್ಬು ಬಂದಿತು. ನಿಬ್ಬಿನೊಡನೆ ಮಸಿಕುಡಿಕೆ, ಒತ್ತುಕಾಗದ, ಬೆರಳಿನ ಕಲೆ.

ಅದ್ದಿ ಬರೆಯುವ ಕಷ್ಟವನ್ನು ತಪ್ಪಿಸಿದ್ದು ಫೌಂಟನ್ ಪೆನ್ನು. ಅಮೆರಿಕದ ಲೂಯಿಸ್ ವಾಟರ್‌ಮನ್ ತನ್ನ ಪೆನ್ನಿಗೆ ಹಕ್ಕುಪತ್ರ ಪಡೆದದ್ದು ೧೮೮೪ರಲ್ಲಿ. ನಿಬ್ಬಿನ ಸೀಳಿನೊಳಗೆ ಶಾಯಿ ತಾನಾಗಿ ಇಳಿಯುವಂತೆಯೂ, ಇಳಿದಷ್ಟೇ ಗಾಳಿ ಒಳಕ್ಕೆ ಸೇರುವಂತೆಯೂ ಮಾಡಿದ್ದೇ ಅದರ ಜಾಣ್ಮೆ. ಸ್ವದೇಶಿ ಚಳವಳಿಯ ದಿನಗಳಲ್ಲಿ, ೧೯೩೦ರ ದಶಕದಲ್ಲಿ, ರಾಜಮಹೇಂದ್ರಿಯ ರತ್ನಂ ಪೆನ್ನು ನಮ್ಮ ದೇಶದ ಹೆಮ್ಮೆಯಾಯಿತು. ಮುಂದೆ ಬೆಂಗಳೂರಿನಲ್ಲಿಯೇ ತಯಾರಾದ ಬ್ರಿಲ್ ಶಾಯಿ ಶಾಲೆಶಾಲೆಗಳನ್ನೂ ಕಚೇರಿಗಳನ್ನೂ ತಲುಪಿತು. ಅಂಗಿಯ ಜೇಬಿಗೆ ಸಿಕ್ಕಿಸಿದ ಪೆನ್ನು ವಿದ್ಯಾವಂತನ ಲಾಂಛನವಾಯಿತು; ಅದರ ಕೆಳಗಿನ ನೀಲಿ ಕಲೆ ಗೃಹಿಣಿಯ ತಲೆನೋವಾಯಿತು. ಪೆನ್ನನ್ನು ಇನ್ನೊಬ್ಬರ ಕೈಗೆ ಕೊಡಬಾರದೆಂಬ ನಿಯಮವೂ ಹುಟ್ಟಿಕೊಂಡಿತು. ಒಬ್ಬರ ಕೈಯ ಓರೆಗೆ ಸವೆದ ನಿಬ್ಬು ಮತ್ತೊಬ್ಬರ ಕೈಯಲ್ಲಿ ತಡವರಿಸುತ್ತದೆಂಬುದು ಬಳಸಿದವರಿಗೆಲ್ಲ ಗೊತ್ತಿದ್ದ ಮಾತು.

ಕೂಡುಬರಹಕ್ಕೂ ಫೌಂಟನ್ ಪೆನ್ನಿಗೂ ಇದ್ದ ನಂಟು ಇಲ್ಲಿದೆ. ಆ ಪೆನ್ನನ್ನು ಒತ್ತಬೇಕಾದ ಅಗತ್ಯವಿಲ್ಲ; ಹಾಳೆಗೆ ತಾಗಿಸಿದರೆ ಸಾಕು, ಶಾಯಿ ಹರಿಯುತ್ತದೆ. ಒತ್ತದ ಕೈ ದಣಿಯದು, ದಣಿಯದ ಕೈ ಓಡುತ್ತದೆ. ಹಂಗೇರಿಯ ಲಾಸ್ಲೋ ಬಿರೋ ೧೯೩೮ರಲ್ಲಿ ಹಕ್ಕುಪತ್ರ ಪಡೆದ ಬಾಲ್‌ಪಾಯಿಂಟ್ ಪೆನ್ನಿನ ರೀತಿ ಬೇರೆ. ಅದರ ಶಾಯಿ ಮಂದ, ತುದಿಯ ಪುಟ್ಟ ಗುಂಡು ಉರುಳಿದರೆ ಮಾತ್ರ ಹೊರಬರುತ್ತದೆ, ಉರುಳಬೇಕಾದರೆ ಒತ್ತಬೇಕು. ಅದು ಸೋರದು, ಒಣಗದು, ಅಗ್ಗವೂ ಹೌದು. ಕಾರ್ಬನ್ ಕಾಗದವಿಟ್ಟು ನಕಲು ತೆಗೆಯುವವರಿಗೆ ಅದರಷ್ಟು ಉಪಕಾರಿ ಮತ್ತೊಂದಿಲ್ಲ. ಮೊದಮೊದಲು ಉಪಾಧ್ಯಾಯರು ಅದನ್ನು ತರಗತಿಯೊಳಕ್ಕೆ ಬಿಡಲಿಲ್ಲ. ಅಕ್ಷರ ಕೆಡುತ್ತದೆಂದು ಅವರ ವಾದ. ಆ ವಾದ ಸೋತಿತು, ಅಕ್ಷರವೂ ಬದಲಾಯಿತು. ದಿನಕ್ಕೊಂದು ಪುಟ ಕಾಪಿ ಬರೆಯುವ ಪದ್ಧತಿ ಮೆಲ್ಲಮೆಲ್ಲನೆ ಸಡಿಲವಾಯಿತು. ಆಮೇಲೆ ಬೆರಳಚ್ಚು, ಗಣಕಯಂತ್ರ, ಕಡೆಗೆ ಅಂಗೈಯೊಳಗಿನ ಮೊಬೈಲು. ಈಗ ಪರೀಕ್ಷೆಯ ಮೂರು ಗಂಟೆಗಳನ್ನು ಬಿಟ್ಟರೆ ಪುಟಗಟ್ಟಲೆ ಬರೆಯುವ ಪ್ರಸಂಗ ಒಬ್ಬ ವಿದ್ಯಾರ್ಥಿಗೆ ಬರುವುದೇ ಅಪೂರ್ವ.

ಇಷ್ಟನ್ನು ಹೇಳಿ, ಹೋದ ಕಾಲವೇ ಒಳ್ಳೆಯದೆಂದು ನಿಟ್ಟುಸಿರಿಟ್ಟರೆ ಅದು ಅರ್ಧ ಸತ್ಯವಾಗುತ್ತದೆ. ಶಾನುಭೋಗರ ಮೋಡಿ ಚೆಲುವಾದ ಬರಹವಾಗಿತ್ತೆಂಬುದು ಎಷ್ಟು ನಿಜವೋ, ರೈತನಿಗೆ ಅದು ಕಬ್ಬಿಣದ ಕಡಲೆಯಾಗಿತ್ತೆಂಬುದೂ ಅಷ್ಟೇ ನಿಜ. ಉಳುವವನ ಹೊಲ ಎಷ್ಟು ಗುಂಟೆ, ಕಟ್ಟಿದ ಕಂದಾಯ ಎಷ್ಟು, ಉಳಿದ ಬಾಕಿ ಎಷ್ಟು ಎಂಬುದೆಲ್ಲ ಅವನಿಗೆ ಓದಲಾಗದ ಬರಹದಲ್ಲಿ, ಇನ್ನೊಬ್ಬರ ಮನೆಯಲ್ಲಿ ಇರುತ್ತಿತ್ತು. ಕೆಲಸ ವಂಶಪಾರಂಪರ್ಯವಾದದ್ದು, ತಂದೆಯ ಕೈಯನ್ನು ಮಗ ಕಲಿಯುತ್ತಿದ್ದ, ಊರಿನ ಗುಟ್ಟೂ ಅದರೊಡನೆ ಅವನಿಗೆ ಬರುತ್ತಿತ್ತು. ಧರ್ಮಭೀರುಗಳಾಗಿ ಊರನ್ನು ಕಾಪಾಡಿದ ಶಾನುಭೋಗರೂ ಇದ್ದರು; ಒಂದು ಗೆರೆಯನ್ನು ಎಳೆದು ಒಂದು ಮನೆಯನ್ನು ಹಾಳುಮಾಡಿದವರೂ ಇದ್ದರು. ಎರಡೂ ಅದೇ ಲೇಖನಿಯಿಂದ ಆದ ಕೆಲಸ. ಹಣೆಬರಹವನ್ನು ಬರೆದವನು ಬ್ರಹ್ಮನಾದರೂ ಅದನ್ನು ಓದಿ ಹೇಳುವವರು ಶಾನುಭೋಗರೇ ಎಂಬಂತಿತ್ತು ರೈತನ ಪಾಡು.

ಆದ್ದರಿಂದಲೇ ೧೯೬೧ರ ಗ್ರಾಮಾಧಿಕಾರಗಳ ರದ್ದಿಯಾತಿ ಕಾಯಿದೆ ೧೯೬೩ರ ಫೆಬ್ರವರಿ ೧ರಿಂದ ಜಾರಿಗೆ ಬಂದು, ವಂಶಪಾರಂಪರ್ಯದ ಪಟೇಲಿಕೆ ಶಾನುಭೋಗಿಕೆಗಳು ಕೊನೆಗೊಂಡಾಗ, ಹಲವು ಮನೆಗಳಲ್ಲಿ ದುಃಖವಾದಂತೆ ಹಲವು ಮನೆಗಳಲ್ಲಿ ಸಮಾಧಾನವೂ ಆಯಿತು. ಅವರ ಸ್ಥಾನಕ್ಕೆ ಸಂಬಳದ ಮೇಲೆ ಗ್ರಾಮಲೆಕ್ಕಿಗರು ಬಂದರು. ಇವರಿಗೆ ವರ್ಗವುಂಟು, ಒಂದೇ ಊರಿನ ಲೆಕ್ಕದಲ್ಲಿ ಹತ್ತು ಬಗೆಯ ಕೈಗಳು ಕಾಣತೊಡಗಿದುವು. ೨೦೦೦ನೆಯ ಇಸವಿಯ ಆಸುಪಾಸಿನಲ್ಲಿ ‘ಭೂಮಿ’ ಯೋಜನೆ ಬಂದು ೧೭೭ ತಾಲ್ಲೂಕುಗಳ ಸುಮಾರು ಎರಡು ಕೋಟಿ ಪಹಣಿಗಳು ಗಣಕಯಂತ್ರವನ್ನು ಸೇರಿದುವು. ಕೈಬರಹದ ಪಹಣಿಗೆ ಬೆಲೆಯಿಲ್ಲವಾಯಿತು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ದುಡ್ಡು ಕೊಟ್ಟು, ಅಚ್ಚಾದ ಪಹಣಿಯನ್ನು ಪಡೆದು, ತನ್ನ ಹೆಸರನ್ನು ತಾನೇ ಓದಿಕೊಂಡ ರೈತನ ಸಂತೋಷವನ್ನು ಯಾರೂ ಅಲ್ಲಗಳೆಯಲಾರರು. ಮೋಡಿಯ ಅಳಿವಿನಲ್ಲಿ ಒಂದು ಬಿಡುಗಡೆಯೂ ಇತ್ತು.

ಆದರೆ ಅಚ್ಚಿನ ಪಹಣಿಗೆ ಮೂಲ ಯಾವುದು? ಕೈಬರಹದ ಪಹಣಿಯೇ. ಅದನ್ನು ಯಾರೋ ಓದಿದರು, ಯಾರೋ ಯಂತ್ರಕ್ಕೆ ಊಡಿದರು. ಕನ್ನಡದ ೩, ೬, ೯ ಈ ಮೂರು ಅಂಕೆಗಳು ಅವಸರದ ಕೈಯಲ್ಲಿ ಒಂದನ್ನೊಂದು ಹೋಲುವುದನ್ನು ಎಲ್ಲರೂ ಬಲ್ಲರು. ಎಕರೆಗೆ ನಲವತ್ತು ಗುಂಟೆ. ೩೬ ಗುಂಟೆ ೩೯ ಆದರೆ ನೆರೆಯವನಿಗೆ ನಷ್ಟ, ೩೯ ಗುಂಟೆ ೩೬ ಆದರೆ ಒಡೆಯನಿಗೆ ನಷ್ಟ. ಹೆಸರಿನ ಒಂದು ದೀರ್ಘ ಹೋದರೆ ವಾರಸು ಬೇರೆಯವನಾಗುತ್ತಾನೆ. ತಿದ್ದುಪಡಿಗೆ ಅರ್ಜಿ ಕೊಟ್ಟರೆ “ಮೂಲ ದಾಖಲೆ ತನ್ನಿ” ಎನ್ನುತ್ತಾರೆ. ಮೂಲ ದಾಖಲೆಯನ್ನು ತಂದರೆ ಅದನ್ನು ಓದುವವರಿಲ್ಲ. ತಾಲ್ಲೂಕು ಕಚೇರಿಗಳ ಹಳೆಯ ದಾಖಲೆಗಳನ್ನು ಸ್ಕ್ಯಾನ್ ಮಾಡಿ ಉಳಿಸುವ ‘ಭೂಸುರಕ್ಷಾ’ ಯೋಜನೆಯನ್ನು ಸರ್ಕಾರ ೨೦೨೪ರಲ್ಲಿ ಕೈಗೊಂಡಿತು. ಅದು ಸ್ತುತ್ಯರ್ಹವಾದ ಕೆಲಸವೆಂಬುದರಲ್ಲಿ ಸಂದೇಹವಿಲ್ಲ. ಗೆದ್ದಲಿನಿಂದಲೂ ಕಳ್ಳರಿಂದಲೂ ದಾಖಲೆಗಳು ಪಾರಾಗುತ್ತವೆ. ಆದರೆ ಸ್ಕ್ಯಾನ್ ಮಾಡುವ ಯಂತ್ರ ಬರಹದ ಚಿತ್ರವನ್ನು ಹಿಡಿಯುತ್ತದೆಯೇ ಹೊರತು ಅದರ ಅರ್ಥವನ್ನು ಹೇಳುವುದಿಲ್ಲ.

ಬೇರೊಂದು ಜಿಲ್ಲೆಯಲ್ಲಾಗಿದ್ದರೆ ಇದು ವಿದ್ವಾಂಸರ ಚಿಂತೆಯಾಗಿ ಉಳಿಯುತ್ತಿತ್ತೇನೊ. ಬೆಂಗಳೂರು ಗ್ರಾಮಾಂತರದಲ್ಲಿ ಹಾಗಲ್ಲ. ೨೦೦೮ರಲ್ಲಿ ದೇವನಹಳ್ಳಿಯ ಬಳಿ ವಿಮಾನನಿಲ್ದಾಣ ತೆರೆದ ಮೇಲೆ ರಾಗಿ ಬೆಳೆಯುತ್ತಿದ್ದ ಹೊಲದ ಒಂದೊಂದು ಗುಂಟೆಗೂ ನಗರದ ಬೆಲೆ ಬಂದಿದೆ. ಇದೇ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ ೧,೭೭೭ ಎಕರೆಗಳಿಗಾಗಿ ರೈತರು ಮೂರು ವರ್ಷಗಳಿಗೂ ಮೀರಿ ಧರಣಿ ಕುಳಿತು, ೨೦೨೫ರ ಜುಲೈಯಲ್ಲಿ ಸರ್ಕಾರ ಸ್ವಾಧೀನವನ್ನು ಕೈಬಿಟ್ಟುದನ್ನು ನಾಡೆಲ್ಲ ಕಂಡಿದೆ. ನೆಲಕ್ಕೆ ಬೆಲೆ ಬಂದಾಗ ಕಾಗದಕ್ಕೂ ಬೆಲೆ ಬರುತ್ತದೆ. ಕಾಗದಕ್ಕೆ ಬೆಲೆ ಬಂದಾಗ ಸುಳ್ಳು ಕಾಗದ ಹುಟ್ಟುತ್ತದೆ. ಹಳೆಯ ಛಾಪಾಕಾಗದವನ್ನು ಎಲ್ಲಿಂದಲೋ ಸಂಪಾದಿಸಿ, ಟೀ ಡಿಕಾಕ್ಷನ್ನಿನಲ್ಲಿ ಬಣ್ಣ ಕೊಟ್ಟು, ಸತ್ತವರ ರುಜು ಹಾಕುವ ಚಾಳಿ ಹೊಸದೇನೂ ಅಲ್ಲ. ಅಂತಹ ಪತ್ರವನ್ನು ಮೊದಲ ನೋಟದಲ್ಲಿಯೇ ಹಿಡಿಯಬಲ್ಲವರೆಂದರೆ ಆ ಊರಿನ ಶಾನುಭೋಗರ ಕೈಯನ್ನು ಕಂಡವರು. “ಇದು ಅವರ ಬರಹವಲ್ಲ, ಅವರು ‘ಕ’ಕಾರವನ್ನು ಹೀಗೆ ಮುರಿಯುತ್ತಿರಲಿಲ್ಲ” ಎನ್ನಬಲ್ಲ ಮುದುಕರು.

ನ್ಯಾಯಶಾಸ್ತ್ರ ಈ ಜ್ಞಾನವನ್ನು ಲಘುವಾಗಿ ಎಣಿಸಿಲ್ಲ. ೧೮೭೨ರ ಸಾಕ್ಷ್ಯ ಕಾಯಿದೆ ಕೈಬರಹದ ವಿಷಯದಲ್ಲಿ ಪರಿಣತರ ಅಭಿಪ್ರಾಯವನ್ನು ಒಪ್ಪಿದಂತೆಯೇ, ಬರೆದವನ ಕೈಯ ಪರಿಚಯವುಳ್ಳ ಸಾಮಾನ್ಯನ ಮಾತನ್ನೂ ಒಪ್ಪಿತ್ತು. ಬರೆಯುವುದನ್ನು ಕಂಡವನು, ಕಾಗದಪತ್ರದ ವ್ಯವಹಾರ ಇಟ್ಟುಕೊಂಡಿದ್ದವನು, ನಿತ್ಯದ ಕೆಲಸದಲ್ಲಿ ಆ ಬರಹವನ್ನು ನೋಡುತ್ತ ಬಂದವನು, ಇಂಥವರ ಮಾತಿಗೆ ನ್ಯಾಯಾಲಯದಲ್ಲಿ ಸ್ಥಾನವಿತ್ತು. ಮೂವತ್ತು ವರ್ಷ ಕಳೆದ ಪತ್ರ ಯೋಗ್ಯರ ವಶದಿಂದ ಬಂದಿದ್ದರೆ ಅದರ ಬರಹವೂ ರುಜುವೂ ನಿಜವೆಂದು ನ್ಯಾಯಾಧೀಶರು ಊಹಿಸಬಹುದೆಂದೂ ಅದು ಹೇಳಿತ್ತು. ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿಯೂ ಈ ವಿಧಿಗಳು ಮುಂದುವರಿದಿವೆ. ವಿಧಿ ಉಳಿದಿದೆ, ಸಾಕ್ಷಿಗಳು ಉಳಿಯುತ್ತಿಲ್ಲ. ೧೯೬೩ರಲ್ಲಿ ಇಪ್ಪತ್ತು ವರ್ಷದ ತರುಣನಾಗಿ ತಂದೆಯ ಪಕ್ಕದಲ್ಲಿ ಖಾತೆ ಬರೆಯುತ್ತಿದ್ದವನಿಗೆ ಈಗ ಎಂಬತ್ತು ಮೀರಿದೆ.

ಬರಹ ಕೈಬಿಡುತ್ತಿರುವುದು ಇಲ್ಲಿ ಮಾತ್ರವಲ್ಲ. ಫಿನ್‌ಲೆಂಡ್ ದೇಶದ ಶಾಲೆಗಳಲ್ಲಿ ೨೦೧೬ರಿಂದ ಕೂಡುಬರಹ ಕಡ್ಡಾಯವಲ್ಲ. ಅಮೆರಿಕದ ಹಲವು ರಾಜ್ಯಗಳೂ ಅದನ್ನು ಪಠ್ಯದಿಂದ ಬಿಟ್ಟಿದ್ದುವು. ಆದರೆ ಕ್ಯಾಲಿಫೋರ್ನಿಯ ತನ್ನ ಮನಸ್ಸನ್ನು ಬದಲಾಯಿಸಿ ೨೦೨೪ರಿಂದ ಪ್ರಾಥಮಿಕ ತರಗತಿಗಳಲ್ಲಿ ಅದನ್ನು ಮತ್ತೆ ಕಲಿಸುವಂತೆ ಶಾಸನ ಮಾಡಿತು. ಕಲಿಯದ ಮಕ್ಕಳು ಹಿರಿಯರ ಪತ್ರಗಳನ್ನೂ ದೇಶದ ಮೂಲದಾಖಲೆಗಳನ್ನೂ ಓದಲಾರರೆಂಬುದು ಅಲ್ಲಿ ಕೇಳಿಬಂದ ವಾದಗಳಲ್ಲಿ ಒಂದು. ನಾರ್ವೆಯ ಸಂಶೋಧಕರು ೩೬ ವಿದ್ಯಾರ್ಥಿಗಳ ಮಿದುಳಿನ ವಿದ್ಯುತ್ ಚಲನೆಯನ್ನು ಅಳೆದು, ಒಂದು ಬೆರಳಿನಿಂದ ಕೀಲಿ ಒತ್ತುವಾಗ ಇಲ್ಲದಷ್ಟು ವ್ಯಾಪಕವಾದ ಸಂಪರ್ಕ ಕೈಯಿಂದ ಬರೆಯುವಾಗ ಮಿದುಳಿನ ಭಾಗಗಳ ನಡುವೆ ಉಂಟಾಗುತ್ತದೆಂದು ೨೦೨೪ರಲ್ಲಿ ಪ್ರಕಟಿಸಿದ್ದಾರೆ. ಪ್ರಯೋಗ ಚಿಕ್ಕದು, ಆದರೂ ಕಾಪಿ ಬರೆಸುತ್ತಿದ್ದ ಹಳೆಯ ಮೇಷ್ಟ್ರು ಕೇಳಿದ್ದರೆ ತಲೆದೂಗುತ್ತಿದ್ದರು.

ಇನ್ನು ಮಾಡಬೇಕಾದದ್ದೇನು? ಎಲ್ಲರೂ ಮತ್ತೆ ಲೆಕ್ಕಣಿಕೆ ಹಿಡಿಯಬೇಕೆಂದು ಹೇಳಿದರೆ ನಗೆಗೀಡಾಗುವ ಮಾತು. ಬರೆಯುವ ಕೈ ಹೋಗಲಿ, ಓದುವ ಕಣ್ಣು ಉಳಿದರೆ ಸಾಕು. ಅದು ಜನ ಎಣಿಸಿರುವಷ್ಟು ಕಷ್ಟವೂ ಅಲ್ಲ. ಹಳೆಯ ಪತ್ರಕ್ಕೆ ಒಂದು ಕಟ್ಟುಂಟು. ಮೊದಲು ಸಂವತ್ಸರ, ಮಾಸ, ತಿಥಿ, ಆಮೇಲೆ ಬರೆಸಿಕೊಂಡವರ ಮತ್ತು ಬರೆಸಿಕೊಟ್ಟವರ ಹೆಸರು, ತಂದೆಯ ಹೆಸರು, ಊರು, ಹೋಬಳಿ, ಆಮೇಲೆ ಮೊಬಲಗು, ಆಮೇಲೆ ಪೂರ್ವಕ್ಕೆ, ಪಶ್ಚಿಮಕ್ಕೆ, ಉತ್ತರಕ್ಕೆ, ದಕ್ಷಿಣಕ್ಕೆ ಎಂದು ಚಕ್ಕುಬಂದಿ, ಕೊನೆಗೆ ಸಾಕ್ಷಿಗಳು, ಬಿಕ್ಕಲಂ. ಊರಿನ ಹೆಸರು ಗೊತ್ತಿದ್ದರೆ ಅದರಿಂದ ನಾಲ್ಕು ಅಕ್ಷರಗಳು ಸಿಕ್ಕುತ್ತವೆ. ಚಕ್ಕುಬಂದಿಯ ದಿಕ್ಕುಗಳಿಂದ ಇನ್ನು ಹತ್ತು. ಆ ಹದಿನಾಲ್ಕನ್ನು ಬೀಗದ ಕೈಯಾಗಿ ಹಿಡಿದರೆ ಉಳಿದ ಬಾಗಿಲುಗಳೂ ಒಂದೊಂದಾಗಿ ತೆರೆಯುತ್ತವೆ. ಎಚ್ಚರಿಕೆ ಬೇಕಾದದ್ದು ಸಂವತ್ಸರದ ವಿಷಯದಲ್ಲಿ. ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ಮರಳುತ್ತದೆ. ಶ್ರೀಮುಖವೆಂದರೆ ೧೯೩೩ರ ಯುಗಾದಿಯಿಂದ ಮೊದಲಾದ ವರ್ಷವೂ ಹೌದು, ೧೮೭೩ರಿಂದ ಮೊದಲಾದದ್ದೂ ಹೌದು. ಛಾಪಾಕಾಗದದ ಮುದ್ರೆಯನ್ನು ನೋಡಿ ತೀರ್ಮಾನಿಸಬೇಕು.

ಟ್ರಂಕಿನಲ್ಲಿ ಪತ್ರವುಳ್ಳ ಪ್ರತಿಯೊಂದು ಮನೆಯವರೂ ಅದನ್ನು ಊರಿನ ಅಥವಾ ನೆರೆಯೂರಿನ ವೃದ್ಧರೊಬ್ಬರ ಮುಂದಿಟ್ಟು, ಗಟ್ಟಿಯಾಗಿ ಓದಿಸಿ, ಸಾಲಿಗೆ ಸಾಲು ಈಗಿನ ಅಕ್ಷರದಲ್ಲಿ ಬರೆದುಕೊಂಡರೆ ಒಂದು ಮಧ್ಯಾಹ್ನದ ಕೆಲಸ. ಸರ್ವೆ ಇಲಾಖೆಗೂ ಕಂದಾಯ ಇಲಾಖೆಗೂ ಹೊಸದಾಗಿ ಸೇರುವ ತರುಣರಿಗೆ ತರಬೇತಿಯ ಕಾಲದಲ್ಲಿ ಹಳೆಯ ಬರಹವನ್ನು ಓದುವ ಪಾಠ ದೊರೆತರೆ ಎಷ್ಟೋ ಅರ್ಜಿಗಳು ಮೇಜಿನಿಂದ ಮೇಜಿಗೆ ಅಲೆಯುವುದು ತಪ್ಪುತ್ತದೆ. ಅಂದು ರೈತನಿಗೆ ಬಾಗಿಲು ಮುಚ್ಚಿದ್ದ ಬರಹವನ್ನು ಅವನ ಮೊಮ್ಮಕ್ಕಳೇ ಓದುವಂತಾದರೆ ಅದಕ್ಕಿಂತ ದೊಡ್ಡ ನ್ಯಾಯ ಇನ್ನೊಂದಿಲ್ಲ. ಶಾನುಭೋಗರ ಗುಟ್ಟು ರಟ್ಟಾಗಬೇಕಾದದ್ದೇ. ಆದರೆ ಅದು ಗೆದ್ದಲಿನ ಹೊಟ್ಟೆಯಲ್ಲಿ ರಟ್ಟಾಗಬಾರದು, ಹೊಲದ ಒಡೆಯನ ಕಣ್ಣೆದುರಿಗೆ ಆಗಬೇಕು. ಅದನ್ನು ಓದಿ ಹೇಳಬಲ್ಲ ವೃದ್ಧರು ಇನ್ನೂ ಕೆಲವರು ಜಗಲಿಯ ಮೇಲೆ ಕುಳಿತಿದ್ದಾರೆ. ಅವರಿಗೆ ಕನ್ನಡಕ ಬೇಕಾಗಬಹುದು, ಸ್ವಲ್ಪ ಹೊತ್ತು ಬೇಕಾಗಬಹುದು; ಕೇಳುವವರು ಬಂದರೆ ಹೇಳಲು ಅವರಿಗೆ ಬೇಸರವಿಲ್ಲ.